ಇಸ್ತ್ರಿ ಮಾಡಿದ ಫ್ರಾಕು

ಅಮ್ಮಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ದೂರು ಹೇಳಲು ನನಗೆ ಬೇರೆ ಯಾರಿದ್ದಾರೆ?

ಬಡವರಿಗೆ ರೇಷನ್ ಹಂಚುವ ಆ ಸಂಸ್ಥೆಗೆ ಇವತ್ತು ಮಗಳನ್ನು ಕರೆದುಕೊಂಡು ಹೋಗಿದ್ದೆ. ಬಿಸಿನೀರಿನ ಚೊಂಬಿನಿಂದ ಉಜ್ಜಿ ಅವಳ ಫ್ರಾಕಿಗೆ ಇಸ್ತ್ರಿ ಮಾಡಿದ್ದೆ, ರಿಬ್ಬನ್ ಕಟ್ಟಿ ಜಡೆ ಹಾಕಿದ್ದೆ. ಅಲ್ಲಿನ ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟೆಗೆ ಹಿಟ್ಟಿಲ್ಲ ಅಂತೀರಿ, ಜುಟ್ಟಿಗೆ ಮಲ್ಲಿಗೆ ಬೇರೆ! ನಿಜವಾದ ಬಡವರಿಗೆ ಜಾಗ ಬಿಡಮ್ಮ" ಅಂದರು.

"ಬಡವರು ತಲೆ ಬಾಚ್ಕೋಬಾರ್ದಾ ಮೇಡಂ?" ಅಂದೆ. ಅವರು ನನ್ನ ಹಿಂದಿದ್ದವರನ್ನು ಕರೆದರು.

ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಹೊರಟಾಗಲೆಲ್ಲ ನೀನು ನನ್ನ ಒಳ್ಳೆಯ ಫ್ರಾಕು ಬಿಚ್ಚಿಸಿ ಹರಿದದ್ದು ತೊಡಿಸುತ್ತಿದ್ದೆ. ನಾನು ಮುಖ ತಿರುಗಿಸಿಕೊಂಡರೂ ಕಾರಣ ಮಾತ್ರ ಹೇಳಲಿಲ್ಲ.

ನಾಳೆ ಮತ್ತೆ ಹೋಗಬೇಕು. ಈಗಷ್ಟೇ ಮಗಳ ಜಡೆ ಬಿಚ್ಚಿ ಕೂದಲು ಕೆದರಿದೆ. ಅವಳು ನನ್ನನ್ನು ಹೇಗೆ ನೋಡಿದಳೆಂದು ನಿನಗೆ ಹೇಳಬೇಕಾಗಿಲ್ಲ.