ಹನ್ನೊಂದು ದಿನದ ಪ್ರಾರ್ಥನೆ

ಡಿಯರ್‌ಬಾರ್ನ್, ಮಿಶಿಗನ್
ಜೂನ್ 16, 1974

ಪ್ರೀತಿಯ ಸುಗುಣಕ್ಕನಿಗೆ,

ನಿನ್ನ ತಮ್ಮ ಪ್ರಕಾಶ ಮಾಡುವ ವಂದನೆಗಳು. ಕ್ರಿಸ್‌ಮಸ್ಸಿಗೆ ನೀನು ಬರೆದ ಕಾಗದಕ್ಕೆ ಜೂನ್ ತಿಂಗಳಲ್ಲಿ ಉತ್ತರ ಬರೆಯುವವನನ್ನು ಏನೆಂದು ಬೈಯಬೇಕೋ ಬೈದುಬಿಡು. ನಮ್ಮೂರು ಬೆಟಗೇರಿಯ ಬೈಗುಳ ಕೇಳಿ ಬಹಳ ದಿನವಾಯಿತು. ಸರಳಾ, ಮಗಳು ಇಬ್ಬರೂ ಚೆನ್ನಾಗಿದ್ದಾರೆ. ಪೆಟ್ರೋಲಿಗೆ ಸಾಲು ನಿಲ್ಲುವುದು ತಪ್ಪಿದೆ, ನನ್ನ ಕೆಲಸವೂ ಉಳಿದಿದೆ.

ನಿನಗೆ ಹೇಳಿರಲಿಲ್ಲ, ಇಲ್ಲಿನ ಚರ್ಚಿನಲ್ಲಿ ನಾನು ದೊಡ್ಡ ಭಕ್ತನೆನಿಸಿಕೊಂಡಿದ್ದೆ. ಚರ್ಚಿನ ಊಟದ ದಿನ ಯಾರಾದರೂ ಕೇಳಿದರೆ ಸಾಕು, ನಮ್ಮ ಅಜ್ಜ ಮಗ್ಗದಿಂದ ಎದ್ದುಹೋಗಿ, ಊರನ್ನೇ ಎದುರುಹಾಕಿಕೊಂಡು ದೀಕ್ಷಾಸ್ನಾನ ಪಡೆದ ಕಥೆ ಹೇಳುತ್ತಿದ್ದೆ. ಆರು ವರ್ಷ ಅದೇ ಕಥೆ. ಹೇಳಿ ಹೇಳಿ ಅದರಲ್ಲಿ ಒಂದು ಹುಲಿಯೂ ಬಂದು ಸೇರಿತ್ತು. ಅಜ್ಜ ದುಡಿದಿಟ್ಟ ಭಕ್ತಿಯನ್ನು ಮೊಮ್ಮಗ ಕೂತು ಉಣ್ಣುತ್ತಿದ್ದ. ಮನೆಯ ಬೈಬಲನ್ನು ಸರಳಾ ಧೂಳು ಒರೆಸಲು ಮಾತ್ರ ಎತ್ತುತ್ತಿದ್ದಳು.

ಫೆಬ್ರವರಿಯಲ್ಲಿ ಗುರುಲಿಂಗಪ್ಪ ಫೋನು ಮಾಡಿದ. ಗದಗದವನು, ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಈಗ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದಾನೆ. ಅವನ ಹೆಂಡತಿ ನೀಲಾಳಿಗೆ ತಲೆಯೊಳಗೆ ಗಡ್ಡೆ. ಹನ್ನೊಂದು ದಿನ ಬಿಟ್ಟು ಆಪರೇಷನ್.

"ನಮ್ಮ ಮನ್ಯಾಗ ಲಿಂಗಪೂಜಾ ನಡದೈತಿ. ನೀನೂ ನಿಮ್ಮ ಸ್ವಾಮಿಗೆ ಒಂದ್ ಮಾತ್ ಹೇಳಪಾ," ಎಂದ.

"ದಿನಾ ಪ್ರಾರ್ಥನಾ ಮಾಡ್ತೀನಿ," ಎಂದೆ.

ನಮ್ಮ ಜನ ಕಾಗದದ ಕೊನೆಗೆ ಬರೆಯುತ್ತಾರಲ್ಲ, ಆ ರೂಢಿಯಲ್ಲೇ ಬಾಯಿಂದ ಬಂತು. ಫೋನು ಇಟ್ಟು ಟಿವಿಯಲ್ಲಿ ಐಸ್‌ಹಾಕಿ ಪಂದ್ಯ ನೋಡಿದೆ. ಆ ಹನ್ನೊಂದು ದಿನ ಒಮ್ಮೆಯೂ ಮೊಣಕಾಲೂರಲಿಲ್ಲ.

ನೀಲಾ ಬದುಕಿದಳು. ಏಪ್ರಿಲ್‌ನಲ್ಲಿ ಊಟಕ್ಕೆ ಕರೆದರು. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದೆವು. ಅಲ್ಲಿನ ಕನ್ನಡದವರೆಲ್ಲ ಬಂದಿದ್ದರು. ತಲೆಗೆ ಸೆರಗು ಹೊದ್ದ ನೀಲಾ ತಾನೇ ಹೋಳಿಗೆ ಬಡಿಸುತ್ತಿದ್ದಳು. ಗುರುಲಿಂಗಪ್ಪ ನನ್ನ ಹೆಗಲು ಹಿಡಿದು, "ಡಾಕ್ಟರ್ ಗಡ್ಡಿ ತಗದರು ಖರೆ. ಆದ್ರ ಈ ಮನುಷ್ಯಾ ಹನ್ನೊಂದ್ ದಿನಾ ಬೇಡಿಕೊಂಡಾನ," ಎಂದ. ಮೈಸೂರಿನ ಶೇಷಗಿರಿ ಎದ್ದು ನನ್ನ ಕೈ ಕುಲುಕಿದರು. ನೀಲಾ ನನ್ನ ಪಾದ ಮುಟ್ಟಲು ಬಗ್ಗಿದಳು.

ಅಕ್ಕಾ, ಸುಮ್ಮನಿದ್ದರೆ ಸಾಕಿತ್ತು. ಹೇಳಿಕೊಂಡು ತಿರುಗಲು ಇನ್ನೊಂದು ಕಥೆ ಸಿಗುತ್ತಿತ್ತು, ಹುಲಿಯೂ ಬೇಕಿರಲಿಲ್ಲ. ಆದರೆ ಸೆರಗು ಜಾರಿ, ಆಗಷ್ಟೇ ಕೂದಲು ಚಿಗುರುತ್ತಿದ್ದ ಆ ತಲೆ, ಅದರ ಮೇಲಿನ ಹೊಲಿಗೆಯ ಗೆರೆ ಕಂಡಿತು.

"ಬ್ಯಾಡವಾ ತಂಗೀ," ಎಂದೆ. "ನಾ ಒಂದ್ ದಿನಾನೂ ಮಾಡಿಲ್ಲ. ಸುಳ್ಳ ಹೇಳಿದ್ದೆ."

ಗುರುಲಿಂಗಪ್ಪನ ಕೈ ನನ್ನ ಹೆಗಲಿನಿಂದ ಇಳಿಯಿತು. ಸರಳಾ ತಟ್ಟೆ ನೋಡುತ್ತ ಕುಳಿತಳು. "ಊಟ ಆದ್ಮೇಲೆ ಹೇಳಬಾರದಿತ್ತೇನ್ರೀ?" ಎಂದರು ಶೇಷಗಿರಿ, ಯಾರೂ ನಗಲಿಲ್ಲ.

ಕೊನೆಗೆ ನೀಲಾಳೇ ಮಾತಾಡಿದಳು. "ಅಣ್ಣಾರ, ಜೂನಿನ್ಯಾಗ ಇನ್ನೊಂದ್ ಟೆಸ್ಟ್ ಐತಿ. ಅದಕ್ಕರ ಮಾಡ್ರಿ. ಈಗ ಸುರು ಮಾಡ್ರಿ."

ಹೋಳಿಗೆ ಆರುತ್ತಿರುವಾಗ ಅಲ್ಲೇ ಮೊಣಕಾಲೂರಿದೆ. ಬಾಯಿಪಾಠದ ಒಂದು ಮಾತೂ ನೆನಪಾಗಲಿಲ್ಲ. "ಸ್ವಾಮೀ, ನಾ ಬಂದೀನಿ," ಎಂದೆ. ಮುಂದೆ ಅಳುವೇ ಬಂತು. ಆದರೆ ಅಷ್ಟು ವರ್ಷದಲ್ಲಿ ನನ್ನದೇ ಆದ ಪ್ರಾರ್ಥನೆ ಅದೊಂದೇ. ಎದ್ದಾಗ ಗುರುಲಿಂಗಪ್ಪ ನನ್ನ ತಟ್ಟೆಗೆ ತುಪ್ಪ ಹಾಕಿದ.

ಅಂದಿನಿಂದ ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಮೊದಲ ವಾರ ಮೊಣಕಾಲ ಮೇಲೆಯೇ ನಿದ್ದೆ ಹೋದೆ. ಮಗಳು ನೋಡಿ, "ಡ್ಯಾಡಿ, ಆರ್ ಯು ಸಿಕ್?" ಎಂದಳು, ಈಗ ತಾನೂ ಪಕ್ಕದಲ್ಲಿ ಕೂರುತ್ತಾಳೆ. ಚರ್ಚಿನ ಊಟದಲ್ಲಿ ಅಜ್ಜನ ಕಥೆ ಕೇಳಿದವರಿಗೆ ಈ ಕಥೆಯನ್ನೇ ಹೇಳಿದೆ. ಮೂವರು ಬಂದು, ನಮ್ಮದೂ ಇದೇ ಪಾಡು ಎಂದರು. ನಾವು ನಾಲ್ವರು ಪ್ರತಿ ಬುಧವಾರ ಸೇರಿ ಬೈಬಲ್ ಓದುತ್ತೇವೆ, ಜಗಳಾಡುತ್ತೇವೆ, ಪ್ರಾರ್ಥಿಸುತ್ತೇವೆ. ಮೂವತ್ತಾರು ವರ್ಷದವನು ಮತ್ತೆ ಒಂದನೇ ಇಯತ್ತೆಗೆ ಸೇರಿದಂತಾಗಿದೆ, ಕಲಿಯುವ ಹಸಿವೂ ಅಷ್ಟೇ ಇದೆ.

ನಿನ್ನೆ ಗುರುಲಿಂಗಪ್ಪನ ಫೋನು. ನೀಲಾಳ ತಲೆಯೊಳಗೆ ಏನೂ ಉಳಿದಿಲ್ಲವಂತೆ. "ಈ ಸಲಾ ಖರೇನ ಮಾಡಿದ್ಯೇನಲೇ?" ಎಂದ. "ಮೊಣಕಾಲ ಬಾತಾವು, ಬಂದು ನೋಡ," ಎಂದೆ. ಇಬ್ಬರೂ ನಕ್ಕೆವು.

ಕರ್ತನು ನಿನ್ನನ್ನೂ ಭಾವನನ್ನೂ ಮಕ್ಕಳನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಳ್ಳಲಿ.

ನಿನ್ನ ತಮ್ಮ,
ಪ್ರಕಾಶ

ಮತ್ತೆ: ಎರಡು ವರ್ಷದ ಹಿಂದೆ ಅವ್ವ ಹಾಸಿಗೆ ಹಿಡಿದಾಗ, "ಪ್ರಕಾಶ ನನಗಾಗಿ ಪ್ರಾರ್ಥನಾ ಮಾಡ್ತಾನೇನು ಕೇಳು" ಎಂದು ನಿನ್ನ ಕೈಯಲ್ಲಿ ಬರೆಸಿದ್ದಳು. ದಿನಾಲೂ ಮಾಡುತ್ತೇನೆ ಎಂದು ಉತ್ತರ ಬರೆದೆ. ಆ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಅವ್ವ ತೀರಿಕೊಂಡಳೆಂದು ನೀನು ಬರೆದಿದ್ದೆ. ಅಕ್ಕಾ, ಆಗಲೂ ಮಾಡಿರಲಿಲ್ಲ.