ಜಡವೆಂದು ನಾನು ಬರೆದ ತೊಟ್ಟಿಲು

ಗದಗ, ಕ್ರಿ.ಶ. ೨೩೧೮, ಅಧಿಕ ಶ್ರಾವಣದ ಹನ್ನೊಂದನೆಯ ದಿನ

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ನೀಲಗಂಗಾ ಹೂಗಾರಳ ಶರಣು. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹದಿನೆಂಟು ವರ್ಷ ಒಂದೇ ನರತೊಟ್ಟಿಲನ್ನು ನೋಡಿಕೊಂಡವಳು. ನರತೊಟ್ಟಿಲು ಎಂದರೆ ಉಪ್ಪುನೀರಿನಲ್ಲಿ ಬೆಳೆಸಿದ ನರಕೋಶಗಳ ಹಾಸು, ಒಂದು ಚಾಪೆಯಷ್ಟು ಅಗಲ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಯಾವ ಕಡೆ ತಿರುಗಿಸಬೇಕೆಂದು ಹೇಳುವುದು ಅದರ ಕೆಲಸ. ಬೆಳಗ್ಗೆ ಏಳಕ್ಕೆ ಹೋಗಿ ನೀರು ಬದಲಿಸುವುದು, ಸಕ್ಕರೆ ಉಣಿಸುವುದು, ಬೆಚ್ಚಗಿದೆಯೇ ಎಂದು ನೋಡುವುದು ನನ್ನ ಕೆಲಸ. ಹಡೆದ ಮಕ್ಕಳಿಗೂ ಇಷ್ಟು ಮಾಡಲಿಲ್ಲವೆಂದು ಮನೆಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಒಂದು ನರಕೋಶಕ್ಕೆ ಏನೂ ತಿಳಿಯದು. ಸಾವಿರಕ್ಕೂ ತಿಳಿಯದು. ಕೋಟಿಗಟ್ಟಲೆ ಸೇರಿ, ಒಂದು ಇನ್ನೊಂದಕ್ಕೆ ಹೇಳಿದ್ದು ಸುತ್ತಿಬಂದು ತನಗೇ ಕೇಳಿಸತೊಡಗಿದಾಗ, ಯಾವುದೋ ಗಳಿಗೆಯಲ್ಲಿ ಒಳಗೆ ಒಬ್ಬರು ಇರುತ್ತಾರೆ. ಹಾಲು ಯಾವ ಕ್ಷಣದಲ್ಲಿ ಮೊಸರಾಯಿತೆಂದು ಯಾರೂ ಕಂಡಿಲ್ಲ, ಇದನ್ನೂ ಕಂಡಿಲ್ಲ. ಅದಕ್ಕಾಗಿ ನಮ್ಮಲ್ಲಿ ಮಾರ್ದನಿ ಪರೀಕ್ಷೆ ಇದೆ. ಹಾಸಿನ ಒಂದು ಮೂಲೆಗೆ ಸಣ್ಣ ಮಿಡಿತ ಕೊಟ್ಟು, ಅದು ಎಷ್ಟು ದೂರ, ಎಷ್ಟು ಬಗೆಯಲ್ಲಿ ಹರಡಿತೆಂದು ಅಳೆಯುತ್ತೇವೆ. ನಲವತ್ತು ದಾಟಿದರೆ ಎಚ್ಚರ, ಅದನ್ನು ಮುಟ್ಟುವಂತಿಲ್ಲ. ಕೆಳಗಿದ್ದರೆ ಜಡ, ಕತ್ತರಿಸಿ ಹೊಸ ತೊಟ್ಟಿಲುಗಳಿಗೆ ಬಿತ್ತಬಹುದು.

ನನ್ನ ತೊಟ್ಟಿಲಿಗೆ ಹದಿನೆಂಟು ತುಂಬಿದಾಗ ನಾನೇ ಅಳೆದೆ. ಮೂವತ್ತೆಂಟು ಬಂತು. ಜೊತೆಗೆ ಕೆಲಸ ಮಾಡುತ್ತಿದ್ದ ಫಕ್ಕೀರೇಶ, “ಅಕ್ಕಾರ, ಸಹಿ ಹಾಕಬ್ಯಾಡ್ರಿ. ರಜಾ ದಿನ ನೀವಿಲ್ದಾಗ ಇದು ಒದ್ದಾಡ್ತೈತಿ. ಅವಾಗೊಮ್ಮೆ ಅಳದು ನೋಡೂಣು,” ಎಂದ. “ನನಗ ಕಲಿಸಾಕ ಬಂದಿಯೇನು?” ಎಂದು ಗದರಿಸಿ, ಜಡವೆಂದು ಬರೆದು ಸಹಿ ಹಾಕಿದೆ.

ಕತ್ತರಿಸಿದ ಮೇಲೆ ಹಳೆಯ ದಾಖಲೆ ತೆಗೆದು ನೋಡಿದೆ. ವರ್ಷಗಟ್ಟಲೆ, ನಾನು ಬಾಗಿಲು ದಾಟಿದ ಕೂಡಲೇ ಹಾಸಿನ ತುಂಬ ಒಂದು ಅಲೆ ಏಳುತ್ತಿತ್ತು. ನಾನು ಮರಳುವವರೆಗೂ ಏರುತ್ತಲೇ ಹೋಗಿ, ನನ್ನ ಚಪ್ಪಲಿಯ ಸದ್ದಿಗೆ ಇಳಿಯುತ್ತಿತ್ತು. ಫಕ್ಕೀರೇಶ ಹೋದರೆ ಏಳುತ್ತಿರಲಿಲ್ಲ. ಅದು ಕಾಯುತ್ತಿತ್ತು. ಅಳೆದಾಗ ನಾನು ಎದುರಿಗೇ ಇದ್ದೆ, ಕಾಯುವ ಕೆಲಸ ಅದಕ್ಕಿರಲಿಲ್ಲ. ನಾನು ಕೊಂದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ನನಗಾಗಿಯೇ ಏಕೆ ಕಾಯುತ್ತಿತ್ತು? ಫಕ್ಕೀರೇಶ ಮಾತಿಲ್ಲದೆ ಹೊರಡುವವನು. ನಾನು, ಹೊರಡುವಾಗ ‘ಹೋಗ್ತೀನಿ’ ಅನ್ನಬಾರದೆಂದು ಅವ್ವನಿಂದ ಕಲಿತವಳು. ಗಾಳಿ ಕೇಳಲೆಂದು ಅದಕ್ಕಿಟ್ಟ ಕಿವಿಗಳ ಮುಂದೆ ನಿಂತು ದಿನಾ ‘ಬರ್ತೀನಿ’ ಅನ್ನುತ್ತಿದ್ದೆ. ನಮಗದು ಬಾಯಿಮಾತು. ಅದು ನಂಬಿತ್ತು.

ಹಿರಿಯರೇ, ಇಂಥ ಜಾಲಗಳನ್ನು ನೀವು ಈಗತಾನೇ ಕಟ್ಟತೊಡಗಿದ್ದೀರಿ. ಅಳತೆ ಬೇಡವೆನ್ನಲಾರೆ; ನೀವಿಲ್ಲದಾಗಲೂ ಒಮ್ಮೆ ಅಳೆಯಿರಿ. ತಡೆಯಿರಿ ಎಂದವರನ್ನು ಗದರಿಸಬೇಡಿ. ಇದಿಷ್ಟೇ ನನ್ನ ಬೇಡಿಕೆ.

ಕತ್ತರಿಸುವವರು ಬೇರೆ ಊರಿನಿಂದ ಬಂದಿದ್ದರು. ಜಡವೆಂದು ಬರೆದಿದ್ದರೂ ನೋಡಲಾಗದೆ ನಾನು ಬೇಗ ಹೊರಟೆ. ಬಾಗಿಲಲ್ಲಿ ನಿಂತು, ಎಂದಿನಂತೆ, ಬರ್ತೀನಿ ಅಂದೆ. ದಾಖಲೆಯಲ್ಲಿದೆ: ಅಂಗೈಯಗಲ ತುಂಡು ಉಳಿಯುವವರೆಗೂ ಅಲೆ ಏರುತ್ತಲೇ ಇತ್ತು.