ರಾಶಿಯಲ್ಲಿ ಎದ್ದ ಟೊಮೇಟೊ

ಫೆಬ್ರವರಿ 6, ಬೆಳಿಗ್ಗೆ

ಇವತ್ತೂ ಒಂದೇ ಟ್ಯಾಂಕರ್. ಊರಿನ ಪಾಯಿಖಾನೆ ಗುಂಡಿಗಳೇನೂ ಖಾಲಿ ಬಿದ್ದಿಲ್ಲ. ದಿನಾ ತಪ್ಪದೆ ಕಚ್ಚಾ ಮಾಲು ಕೊಡುವಷ್ಟು ನಿಯತ್ತಿನ ಜನ ಬೇರೆ ಯಾವ ಕಾರ್ಖಾನೆಗೂ ಸಿಕ್ಕಿರಲಾರರು. ಆದರೂ ಆ ಮಾಲನ್ನು ಹೊಟ್ಟಿನ ಜೊತೆ ರಾಶಿ ಹಾಕಿ, ಅದರದೇ ಬಿಸಿಯಲ್ಲಿ ಬೇಯಿಸಿ ಗೊಬ್ಬರ ಮಾಡುವ ನಮ್ಮ ಅಂಗಳ ನಷ್ಟದಲ್ಲಿದೆ. ಉಳಿದ ಲೋಡ್ ಎಲ್ಲಿ ಅಂತ ಡ್ರೈವರ್‌ನನ್ನು ಕೇಳಿದೆ.

"ಹೊಲದವ್ರು ಹಸೀದನ್ನೇ ಸುರಿಸ್ಕೊಂಡು ಕೈಗೆ ಕಾಸು ಕೊಡ್ತಾರೆ ಸಾರ್. ಇಲ್ಲಿ ಸುರಿದ್ರೆ ನಾನೇ ಫೀಸ್ ಕಟ್ಬೇಕು. ನೀವಾಗಿದ್ರೆ ಎಲ್ಲಿಗೆ ಹೋಗ್ತಿದ್ರಿ?"

ಉತ್ತರ ಕೊಟ್ಟವಳು ತಂಗಿ. ಸಲಿಕೆ ಹಿಡಿದೇ ಬಂದಳು. "ಅದ್ರಲ್ಲಿರೋ ಜಂತುಹುಳದ ಮೊಟ್ಟೆ ಸೊಪ್ಪಿನ ಜೊತೆ ನಿನ್ನ ಮನೆಗೇ ವಾಪಸ್ ಬರುತ್ತೆ ಕಣೋ. ಅದಕ್ಕೆ ಫೀಸ್ ಇಲ್ಲ!" ಅವನು ನಕ್ಕು ಗಾಡಿ ತಿರುಗಿಸಿದ.

ಫೆಬ್ರವರಿ 9

ಒಂದು ರಾಶಿಯ ಮೇಲೆ ಟೊಮೇಟೊ ಸಸಿ ಎದ್ದಿತ್ತು. ತಿಂದವರ ಹೊಟ್ಟೆ ದಾಟಿ, ಗುಂಡಿ ದಾಟಿ, ಟ್ಯಾಂಕರ್ ದಾಟಿ ಬಂದ ಬೀಜ. ಗಟ್ಟಿ ಜೀವ. ಚೆನ್ನಾಗಿದೆಯಲ್ಲೇ, ಇರಲಿ ಬಿಡು ಅಂದೆ. ತಂಗಿ ಬೇರುಸಮೇತ ಕಿತ್ತು ಎಸೆದಳು.

"ಇದು ಗಿಡ ಅಲ್ಲಣ್ಣ, ಬೈಗುಳ. ರಾಶಿ ಸರಿಯಾಗಿ ಬೇಯ್ಲಿಲ್ಲ ಅಂತ ಬೈತಾ ಇದೆ. ಬೀಜ ಬದುಕಿದ್ರೆ ಹುಳದ ಮೊಟ್ಟೇನೂ ಬದುಕಿರುತ್ತೆ."

ಆ ರಾಶಿ ಇಡೀ ಮತ್ತೆ ತಿರುವಿದಳು. ನಡುನಡುವೆ ಕೂತಳು. ಉಸಿರು ಸಾಲುತ್ತಿಲ್ಲ ಅವಳಿಗೆ. ಕೇಳಿದರೆ ಸೆಕೆ ಅನ್ನುತ್ತಾಳೆ.

ಫೆಬ್ರವರಿ 17

ನರ್ಸರಿ ಯಜಮಾನರು ಬಂದಿದ್ದರು. ನಮಗಿರುವ ಏಕೈಕ ಗಿರಾಕಿ. ಚೀಲದ ಮೇಲೆ 'ಸಾವಯವ' ಅಂತಷ್ಟೇ ಇರಲಿ, ಮೂಲದ ಸುದ್ದಿ ಬೇಡ ಅನ್ನುತ್ತಾರೆ. ಈ ರಾಶಿ ಚೆನ್ನಾಗಿ ಬಂದರೆ ವರ್ಷಪೂರ್ತಿ ಎಲ್ಲವನ್ನೂ ತಾವೇ ಕೊಳ್ಳುತ್ತಾರಂತೆ. ಜಾಗ ಕೊಟ್ಟ ಪುರಸಭೆಯವರೂ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ — ಖಾಯಂ ಗಿರಾಕಿ ತೋರಿಸಿ, ಇಲ್ಲವಾದರೆ ಬೀಗ.

ತಂಗಿ ಹಳೆಯ ರಾಶಿಯಿಂದ ಒಂದು ಹಿಡಿ ತಂದು ಅವರ ಮೂಗಿಗೇ ಹಿಡಿದಳು. ಪಾಪ, ಹಿಂದೆ ಸರಿಯಲು ಗೋಡೆ ಅಡ್ಡ. ಮೂಸಿದರು. "ಮಣ್ಣಿನ ವಾಸನೆ!" ಅಂದರು. ಹೋಗುವಾಗ, "ನಿಮ್ಮ ಕೈ ನಂಬಿ ತಗೊಳ್ತಿದ್ದೀನಮ್ಮ."

ಫೆಬ್ರವರಿ 20, ಆಸ್ಪತ್ರೆ ವರಾಂಡ

ತಂಗಿ ರಾಶಿಯ ಪಕ್ಕದಲ್ಲೇ ಬಿದ್ದಳು. ಕಾರಣ ಹೃದಯದ ಕವಾಟ ಅಂದರು ಡಾಕ್ಟರ್. ಪಕ್ಕದ ಮನೆಯವರು ಗೊಬ್ಬರ ಅಂದರು. ಹೆದರಿಕೆಯಾಗುತ್ತಿದೆ. ಅವಳ ಚಪ್ಪಲಿ ನನ್ನ ಚೀಲದಲ್ಲಿದೆ, ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಫೆಬ್ರವರಿ 26

ಬೆಳಿಗ್ಗೆ ಅಂಗಳ, ಆಮೇಲೆ ಆಸ್ಪತ್ರೆ. ಇಷ್ಟು ವರ್ಷ ಮಾರಾಟ, ಪುರಸಭೆಯ ಅಲೆದಾಟ ನನ್ನದು, ರಾಶಿ ಅವಳದು. ಈಗ ಸಲಿಕೆ ನನ್ನ ಕೈಗೆ. ಅಂಗೈ ತುಂಬ ಬೊಬ್ಬೆ.

ಮಂಚದ ಹತ್ತಿರ ಹೋದದ್ದೇ ತಡ — "ತಿರುವಿದ್ಯಾ?"

ತಿರುವಿದೆ ಅಂದೆ.

"ಬಿಸಿ?"

ಕಬ್ಬಿಣದ ಸರಳು ರಾಶಿಯ ಮಧ್ಯಕ್ಕೆ ಚುಚ್ಚಿ ತೆಗೆದರೆ ಮುಟ್ಟುವ ಹಾಗಿಲ್ಲ ಅಂದೆ. ನಿಜವೇ. ಅವಳ ಮುಖ ಅರಳಿತು. "ಪರವಾಗಿಲ್ವೇ! ಕುರ್ಚಿ ಬಿಟ್ಟು ಏಳೋಕೂ ಬರುತ್ತೆ ನಮ್ಮಣ್ಣಂಗೆ." ಬೊಬ್ಬೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಮಾರ್ಚ್ 19

ಚೀಲಗಳು ನರ್ಸರಿಗೆ ಹೋದವು. ತಂಗಿಗೆ ಹೇಳಿದೆ. ಮಾತಿಗೇ ಆಯಾಸ ಅವಳಿಗೆ.

"ವರ್ಷದ ಮಾತು?"

ಮುಂದಿನ ತಿಂಗಳು ಕರಾರು ಮಾಡುತ್ತಾರಂತೆ.

"ಹಾಗಾದ್ರೆ ಬೀಗ ಬೀಳಲ್ಲ."

ಬೀಳಲ್ಲ ಕಣೇ, ಮಲಗು ಅಂದೆ. ಮಲಗಿದಳು.

ಮಾರ್ಚ್ 20

ಬೆಳಿಗ್ಗೆ ಹೋದಳು.

ಏಪ್ರಿಲ್ 12

ಅವಳು ತೀರಿಕೊಂಡ ಮೇಲೆ ಇವತ್ತೇ ಅಂಗಳದ ಬಾಗಿಲು ತೆಗೆದದ್ದು. ನರ್ಸರಿಗೆ ಕಳಿಸಿದ ರಾಶಿಯಲ್ಲಿ ಸ್ವಲ್ಪ ಮೂಲೆಯಲ್ಲಿ ಉಳಿದಿತ್ತು. ಅದರ ತುಂಬ ಟೊಮೇಟೊ ಸಸಿ.

ಎಷ್ಟೋ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಆಮೇಲೆ ಹೊಳೆಯಿತು. ಬೆಂದದ್ದು ರಾಶಿಯ ಮಧ್ಯ ಮಾತ್ರ. ಅವಳು ತಿರುವುವಾಗ ಪ್ರತಿ ಸಲ ಹೊರಗಿನ ತಣ್ಣನೆಯ ಸಿಪ್ಪೆ ಕೆರೆದು ಹೊಟ್ಟೆಯೊಳಗೆ ತುಂಬುತ್ತಿದ್ದಳು. ನಾನು ಈ ಬದಿಯಿಂದ ಆ ಬದಿಗೆ ಎಳೆದೆ, ಅಷ್ಟೆ. ಸಿಪ್ಪೆ ಸಿಪ್ಪೆಯಾಗಿಯೇ ಉಳಿಯಿತು. ಸರಳು ಚುಚ್ಚಿದ್ದೂ ಮಧ್ಯಕ್ಕೇ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಇಷ್ಟು ವರ್ಷ ಆಫೀಸಿನ ಕಿಟಕಿಯಿಂದ ನೋಡಿದವನಿಗೆ ಗೊತ್ತಿರುತ್ತದೆ ಅಂತ ಇಬ್ಬರೂ ಅಂದುಕೊಂಡೆವು.

ಆ ಗೊಬ್ಬರದಲ್ಲೇ ನರ್ಸರಿಯವರು ಸೊಪ್ಪಿನ ಮಡಿ ಮಾಡಿದ್ದಾರೆ. ಕರಾರಿಗೆ ನಾಳೆ ಬರಹೇಳಿದ್ದಾರೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಗಳ ಉಳಿಯುತ್ತದೆ. ಅವಳಿಗೆ ಕೊಟ್ಟ ಮಾತೂ...

ಏಪ್ರಿಲ್ 13

ಹೇಳಿಬಿಟ್ಟೆ.

ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. "ಮಡೀಲಿ ಟೊಮೇಟೊ ಫ್ರೀಯಾಗಿ ಬಂತಲ್ಲ ಅಂತ ಖುಷಿಯಾಗಿದ್ದೆ ನಾನು." ಕರಾರಿನ ಕಾಗದ ಮಡಚಿಟ್ಟರು. "ತಪ್ಪು ತಿಳ್ಕೋಬೇಡಿ. ನೀವು ಒಳ್ಳೆಯವ್ರು. ಆದ್ರೆ ನಾನು ನಂಬಿದ್ದು ನಿಮ್ಮ ತಂಗಿ ಕೈನ."

ಬೈಯಬಹುದಿತ್ತು. ಬೈದಿದ್ದರೆ ಹಗುರವಾಗುತ್ತಿತ್ತು. ಮಡಿಯ ಸೊಪ್ಪು ಕೀಳಿಸಿದರು, ಗೊಬ್ಬರ ತುಂಬಿಸಿ ವಾಪಸ್ ಕಳಿಸಿದರು. ಲಾರಿಯಲ್ಲಿ ಚೀಲಗಳ ಮೇಲೆ ಕೂತು ಬಂದೆ. ದಾರಿಯುದ್ದಕ್ಕೂ ಅತ್ತೆ.

ಮೇ 18

ವಾಪಸ್ ಬಂದದ್ದನ್ನೆಲ್ಲ ಹೊಸ ಹೊಟ್ಟು ಬೆರೆಸಿ ರಾಶಿ ಹಾಕಿದ್ದೆ. ಸಿಪ್ಪೆ ಒಳಗೆ, ಒಳಗಿನದು ಹೊರಗೆ. ಅವಳ ಹಾಗೆಯೇ. ಎಲ್ಲ ಬದಿಗೂ ಸರಳು ಚುಚ್ಚಿ ನೋಡಿದ್ದೆ. ಇವತ್ತು ಮೂಸಿದೆ. ಮಣ್ಣು. ಒಂದು ಮೊಳಕೆಯೂ ಇಲ್ಲ. ಕೊಳ್ಳುವವರೂ ಇಲ್ಲ.

ಡ್ರೈವರ್ ಖಾಲಿ ಟ್ಯಾಂಕರ್ ನಿಲ್ಲಿಸಿ ಬಂದ. ಈಗ ಎಲ್ಲ ಲೋಡೂ ಹೊಲಕ್ಕೇ. ಗೇಟಿನ ಹತ್ತಿರ ತಲೆ ಕೆರೆದುಕೊಂಡು ನಿಂತ. "ಈ ಕಡೆ ಬಂದ್ರೆ ಬೈಯೋಕೂ ಯಾರೂ ಇಲ್ಲ ಸಾರ್. ಒಂಥರಾ ಆಗುತ್ತೆ."

ಮೇ 21, ಸಂಜೆ

ನಾಳೆ ಬೀಗ. ಪುರಸಭೆಯವರು ಬೆಳಿಗ್ಗೆಯೇ ಬರುತ್ತಾರೆ. ಸಲಿಕೆ, ಸರಳು ಒಳಗಿಟ್ಟೆ. ಅವಳ ಚಪ್ಪಲಿ ಇನ್ನೂ ನನ್ನ ಚೀಲದಲ್ಲೇ ಇದೆ.

ಶೆಡ್ಡಿನ ಹಿಂದೆ ಒಂದು ಟೊಮೇಟೊ ಗಿಡ ತಪ್ಪಿಸಿಕೊಂಡು ಬೆಳೆದುಬಿಟ್ಟಿದೆ. ನಾನು ಕೆಡಿಸಿದ ಆ ಮೊದಲ ರಾಶಿಯದೇ. ಹಳದಿ ಹೂವೂ ಬಂದಿದೆ. ಕೀಳಲು ಬಗ್ಗಿದೆ. ಬುಡ ಹಿಡಿದೆ. ಬೈಗುಳ ಅಂದಿದ್ದಳಲ್ಲ... ಕೈ ಬರಲಿಲ್ಲ. ಬೈಯಲಿ. ಬಾಗಿಲು ಹಾಕುವ ತನಕವಾದರೂ ಬೈಯುತ್ತಿರಲಿ. ಒಂದು ಚೊಂಬು ನೀರು ಹಾಕಿ ಬಂದೆ. ಸಾಕಾಯಿತೋ ಇಲ್ಲವೋ, ಇನ್ನೊಂದು ಸಲ ಹೋಗಿ —